ನೀಲಿ ಧೂಳು

ರಾಯದುರ್ಗ. ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ. ಬೆಟ್ಟದ ಮೇಲಿನ ಕೋಟೆಯ ಬಂಡೆಗಳು ಕಾದ ಹೆಂಚಿನಂತಿವೆ. ಕೆಳಗೆ ಓಣಿಯೊಂದರ ಡಿಟಿಪಿ ಅಂಗಡಿಯಲ್ಲಿ ನೀವು ಕೂತಿದ್ದೀರಿ. ಪಕ್ಕದ ಮನೆಯಲ್ಲಿ ಜೀನ್ಸ್ ಪ್ಯಾಂಟ್ ಹೊಲಿಯುತ್ತಾರೆ. ಗೋಡೆಯಾಚೆಯ ಗರ್ರ್ ಸದ್ದು ನಿಲ್ಲುವುದೇ ಇಲ್ಲ.

ಹುಡುಗ ಲಗ್ನಪತ್ರಿಕೆ ಮಾಡುತ್ತಿದ್ದಾನೆ. ಗಂಡಿನವರು ಇದೇ ಊರು, ಹೆಣ್ಣಿನವರು ಮಡಕಶಿರ. ಒಂದು ಪುಟ ಕನ್ನಡ, ಇನ್ನೊಂದು ತೆಲುಗು. ಹಳೆಯ ಮಾದರಿಯಲ್ಲಿ ‘ಅನಂತಪುರ ಜಿಲ್ಲೆ’ ಅಂತಿದೆ. 2022ರಲ್ಲಿ ಮಡಕಶಿರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತಲ್ಲ, ಅದನ್ನು ತಿದ್ದುತ್ತಿರುವಾಗಲೇ ಪರದೆ ಕಪ್ಪಾಗುತ್ತದೆ. ಟ್ಯೂಬ್‌ಲೈಟ್ ಉರಿಯುತ್ತಲೇ ಇದೆ.

"ಊಟ ಆದ್ಮೇಲೆ ಇದು ಮೂರ್ನೇ ಸಲ ಸಾರ್. ಫಾರ್ಮ್ಯಾಟ್ ಹೊಡೆದ್ಬಿಡಿ."

ಫಾರ್ಮ್ಯಾಟ್ ಎಂದರೆ ಕಳ್ಳನ ಹೆಜ್ಜೆಗುರುತಿನ ಮೇಲೆ ಸಗಣಿ ಸಾರಿಸಿದ ಹಾಗೆ. ಕೀಬೋರ್ಡಿನ ದೀಪ ಮಿಣುಕಿತೇ ಎಂದು ಕೇಳುತ್ತೀರಿ. ಮಿಣುಕಿದ್ದರೆ ಕರ್ನಲ್ ಪ್ಯಾನಿಕ್, ಅಂದರೆ ಲಿನಕ್ಸಿನ ತಿರುಳೇ ಕುಸಿದದ್ದು, ಇರಬಹುದಿತ್ತು. ಇಲ್ಲವಂತೆ. ಮತ್ತೆ ಆನ್ ಮಾಡಿ, ಟರ್ಮಿನಲ್ ತೆರೆದು, ‘ಜರ್ನಲ್‌ಸಿಟಿಎಲ್’ ಎಂದು ಬರೆದು, ಮುಂದೆ ಮೈನಸ್ ಬಿ, ಮೈನಸ್ ಒಂದು ಹಾಕುತ್ತೀರಿ. ಲಿನಕ್ಸ್ ತನ್ನ ಹಿಂದಿನ ಜನ್ಮದ ದಿನಚರಿಯನ್ನು ಎದುರಿಗೆ ಹರಡುತ್ತದೆ. ಕರೆಂಟು ಹೋಗಿ ಆರಿದ್ದರೆ ಬರವಣಿಗೆ ನಡುವೆಯೇ ತುಂಡಾಗಿರುತ್ತದೆ, ಅದೂ ಒಂದು ಸುಳಿವೇ. ಇಲ್ಲಿ ಹಾಗಾಗಿಲ್ಲ. ಡಿಸ್ಕಿನ ದೂರಿಲ್ಲ, ಮೆಮೊರಿ ಸಾಲದೆ ಪ್ರೋಗ್ರಾಮನ್ನು ಕೊಂದ ಗುರುತಿಲ್ಲ. ಸಿಪಿಯು ಕಾದಿದೆ, ವೇಗ ಇಳಿಸಿದ್ದೇನೆ ಎಂಬ ಗೋಳು ಮಾತ್ರ ಮತ್ತೆ ಮತ್ತೆ. ಕೊನೆಗೆ: ‘ಕ್ರಿಟಿಕಲ್ ಟೆಂಪರೇಚರ್ ರೀಚ್ಡ್, ಷಟಿಂಗ್ ಡೌನ್.’

‘ಸೆನ್ಸರ್ಸ್’ ಎಂದು ಬರೆದು ನೋಡುತ್ತೀರಿ. ಈಗಷ್ಟೇ ಎದ್ದ ಯಂತ್ರ, ಆಗಲೇ 91 ಡಿಗ್ರಿ.

ಯಂತ್ರ ಆರಿಸಿ, ವೈರು ಕಿತ್ತು, ನೆಲದ ಮೇಲಿದ್ದ ಕ್ಯಾಬಿನೆಟ್ಟಿನ ಬಾಗಿಲು ತೆಗೆಯುತ್ತೀರಿ. ಫ್ಯಾನಿನ ಕೆಳಗೆ ಅಲ್ಯೂಮಿನಿಯಂ ಪಟ್ಟಿಗಳು ಕಾಣುವುದೇ ಇಲ್ಲ; ಅವುಗಳ ಮೇಲೆ ಕಂಬಳಿ ಹೊದಿಸಿದಂತೆ ಧೂಳು. ಬೂದುಬಣ್ಣದ್ದಲ್ಲ, ನೀಲಿ! ಕತ್ತರಿಸಿದ ಜೀನ್ಸ್ ಬಟ್ಟೆಯ ನಯವಾದ ಜುಂಗು. ಫ್ಯಾನ್ ಪಾಪ ತಿರುಗುತ್ತಲೇ ಇತ್ತು, ಗಾಳಿ ಹೋಗಲು ಸಂದಿಲ್ಲ.

ರೆಕ್ಕೆ ತಿರುಗದಂತೆ ಬೆರಳಿನಿಂದ ಒತ್ತಿ ಹಿಡಿದು ಬ್ಲೋವರ್ ಬಿಡುತ್ತೀರಿ. ಓಣಿಗೆ ನೀಲಿ ಮೋಡ ಹಾರುತ್ತದೆ. ಪಟ್ಟಿಗಳನ್ನು ಬಿಚ್ಚಿದರೆ, ಚಿಪ್ಪಿನ ಮೇಲಿನ ಥರ್ಮಲ್ ಪೇಸ್ಟ್ ಒಣಗಿದ ವಿಭೂತಿಯಂತೆ ಉದುರುತ್ತದೆ. ಒರೆಸಿ, ಹೆಸರುಕಾಳಿನಷ್ಟು ಹೊಸದನ್ನು ಇಡುತ್ತೀರಿ. ಪಕ್ಕದ ಮನೆಯವರು ಇಣುಕುತ್ತಾರೆ.

"ಏನೋ ತಮ್ಮಾ, ನಿನ್ನ ಕಂಪ್ಯೂಟರ್‌ಗೂ ನಮ್ದೇ ಪ್ಯಾಂಟಾ?"

ಆನ್ ಮಾಡಿದರೆ 52. ಚಿತ್ರ ತುಂಬಿದ ಹತ್ತು ಪತ್ರಿಕೆಗಳನ್ನು ಒಟ್ಟಿಗೆ ತೆರೆದು ಬೇಕೆಂದೇ ದಣಿಸುತ್ತೀರಿ: 60, 66, 69. ಅರ್ಧ ಗಂಟೆಯಾದರೂ ಅದರಾಚೆ ಏರುವುದಿಲ್ಲ. ಹುಡುಗ ಕ್ಯಾಬಿನೆಟ್ಟನ್ನು ಎತ್ತಿ ಸ್ಟೂಲಿನ ಮೇಲಿಟ್ಟು, ಅದೇ ವಿಳಾಸವನ್ನು ನಾಲ್ಕನೇ ಸಲ ತಿದ್ದಲು ಕೂರುತ್ತಾನೆ. ‘ಶ್ರೀ’ ಎಂದು ಹೊಡೆದ, ಕಂಟ್ರೋಲ್ ಎಸ್. ‘ಸತ್ಯಸಾಯಿ’, ಕಂಟ್ರೋಲ್ ಎಸ್.