ಒರೆಸಬಾರದ ನೆಲ

ಪುಣೆಯ ಯಾವುದಾದರೂ ದೊಡ್ಡ ಫ್ಲೋರಿಂಗ್ ಅಂಗಡಿಗೆ ಹೋಗಿ ‘ಮೇಪಲ್ ತೋರಿಸಿ’ ಎಂದರೆ ಮೂರು ಬೇರೆ ಬೇರೆ ವಸ್ತುಗಳು ನಿಮ್ಮೆದುರಿಗೆ ಬರಬಹುದು. ಮೊದಲನೆಯದು ಲ್ಯಾಮಿನೇಟ್. ಅದರಲ್ಲಿ ಮೇಪಲ್ ಇರುವುದು ಹೆಸರಿನಲ್ಲಿ ಮಾತ್ರ: ಮರದ ನಾರನ್ನು ಒತ್ತಿ ಮಾಡಿದ ಹಲಗೆ, ಅದರ ಮೇಲೆ ಮೇಪಲ್ ಮರದ ಚಿತ್ರ ಮುದ್ರಿಸಿದ ಕಾಗದ, ಅದಕ್ಕೊಂದು ಪಾರದರ್ಶಕ ಗಟ್ಟಿ ಪದರ. ಎರಡನೆಯದು ಎಂಜಿನಿಯರ್ಡ್ ವುಡ್. ಮೇಲೆ ಕೆಲವು ಮಿಲಿಮೀಟರ್ ನಿಜವಾದ ಮೇಪಲ್, ಕೆಳಗೆ ಅಡ್ಡಲೂ ಉದ್ದಲೂ ಅಂಟಿಸಿದ ಪ್ಲೈ ಪದರಗಳು. ಮೂರನೆಯದು ಇಡೀ ಹಲಗೆಯೇ ಮೇಪಲ್ ಆಗಿರುವ, ಸುಮಾರು 19 ಮಿ.ಮೀ. ದಪ್ಪದ ಘನ ಮರ. ಬೆಲೆಯಲ್ಲಿ ಅಜಗಜಾಂತರ, ಹೆಸರು ಮಾತ್ರ ಒಂದೇ.

ಬಾಣೇರ್‌ನಲ್ಲಿ ಫ್ಲ್ಯಾಟು ಕೊಂಡ ಒಂದು ಧಾರವಾಡದ ಕುಟುಂಬಕ್ಕೆ ಇಷ್ಟು ತಿಳಿಯಲು ನಾಲ್ಕು ಶನಿವಾರಗಳು ಬೇಕಾದವು. ಗಂಡ ಹೆಂಡತಿ ಇಬ್ಬರದೂ ಹಿಂಜೇವಾಡಿಯಲ್ಲಿ ನೌಕರಿ. ಜೊತೆಗೆ ಗಂಡನ ತಾಯಿ, ವಯಸ್ಸು ಎಪ್ಪತ್ನಾಲ್ಕು. ಹಿಂದಿನ ಬಾಡಿಗೆ ಮನೆಯಲ್ಲಿ ಅವರು ಹೊಳೆಯುವ ವಿಟ್ರಿಫೈಡ್ ಟೈಲಿನ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಯಿತು, ಆರು ತಿಂಗಳು ವಾಕರ್ ಹಿಡಿದು ನಡೆದದ್ದಾಯಿತು. ಇನ್ನೊಮ್ಮೆ ಬೀಳದಂತೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಸೊಸೆಗೆ ಟೊರಾಂಟೊದಲ್ಲಿರುವ ಅಕ್ಕನ ಮನೆ ನೆನಪಾಯಿತು. ಅಲ್ಲಿನ ತಿಳಿ ಬಣ್ಣದ ಮೇಪಲ್ ನೆಲ ಬರಿಗಾಲಿಗೆ ಕೊರೆಯುತ್ತಿರಲಿಲ್ಲ, ಟೈಲಿನಷ್ಟು ಜಾರುವಂತೆಯೂ ಕಂಡಿರಲಿಲ್ಲ. ಹೊಸ ಮನೆಗೆ ಅದೇ ಇರಲಿ ಎಂದು ಗಂಡ ಹೆಂಡತಿ ನಿಶ್ಚಯಿಸಿದರು.

ಮರದಲ್ಲಿ ದೋಷವೇನೂ ಇಲ್ಲ. ನೆಲಕ್ಕೆ ಬಳಸುವ ಗಟ್ಟಿ ಮೇಪಲ್ ಉತ್ತರ ಅಮೆರಿಕದ ಶುಗರ್ ಮೇಪಲ್ ಮರದ್ದು. ಸಿರಪ್ ಇಳಿಸುವುದೂ ಇದೇ ಮರದಿಂದ. ಎನ್‌ಬಿಎ ಬಾಸ್ಕೆಟ್‌ಬಾಲ್ ಅಂಕಣಗಳಲ್ಲಿ ಹೆಚ್ಚಿನವು ಇದರವೇ. ಮರದ ಗಡಸುತನ ಅಳೆಯಲು ಜಂಕಾ ಪರೀಕ್ಷೆ ಎಂಬುದೊಂದಿದೆ: ಸುಮಾರು 11.3 ಮಿ.ಮೀ. ವ್ಯಾಸದ ಉಕ್ಕಿನ ಗುಂಡು ಮರದೊಳಗೆ ಅರ್ಧ ಹುಗಿಯಲು ಎಷ್ಟು ಬಲ ಬೇಕು ಎಂದು ನೋಡುತ್ತಾರೆ. ಗಟ್ಟಿ ಮೇಪಲ್‌ಗೆ 1450 ಪೌಂಡ್ ಬೇಕು, ನಮ್ಮ ತೇಗಕ್ಕೆ ಸುಮಾರು 1070. ತೇಗವೆಂದರೆ ಎಲ್ಲಕ್ಕಿಂತ ಗಟ್ಟಿ ಎಂದು ನಂಬಿ ಬೆಳೆದವರಿಗೆ ಈ ಅಂಕಿ ಆಶ್ಚರ್ಯ ತರುತ್ತದೆ.

ಆದರೆ ಗಡಸುತನ ಬೇರೆ, ತಾಳಿಕೆ ಬೇರೆ. ತೇಗದೊಳಗಿನ ಎಣ್ಣೆಯಂಶ ಗೆದ್ದಲನ್ನೂ ಕೊಳೆತವನ್ನೂ ದೂರವಿಡುತ್ತದೆ. ಮೇಪಲ್‌ಗೆ ಆ ರಕ್ಷಣೆ ಇಲ್ಲ. ತೇವಕ್ಕೆ ಹಿಗ್ಗಿ ಒಣಹವೆಗೆ ಕುಗ್ಗುವುದೂ ಮೇಪಲ್‌ನಲ್ಲಿ ತೇಗಕ್ಕಿಂತ ಬಹಳ ಹೆಚ್ಚು. ಹಸಿ ಮರ ಪೂರ್ತಿ ಒಣಗುವಾಗ, ವಾರ್ಷಿಕ ಉಂಗುರಗಳ ಗುಂಟ ತೇಗ ಶೇ 5ರಿಂದ 6ರಷ್ಟು ಕುಗ್ಗಿದರೆ ಮೇಪಲ್ ಶೇ 10ರ ಹತ್ತಿರ ಕುಗ್ಗುತ್ತದೆ. ಪುಣೆಯಲ್ಲಿ ಇದು ಸಣ್ಣ ಮಾತಲ್ಲ. ಮುಂಬೈಯಲ್ಲಿ ವರ್ಷದ ಬಹುಭಾಗ ಗಾಳಿ ತೇವವಾಗಿಯೇ ಇರುತ್ತದೆ. ಪುಣೆಯಲ್ಲಿ ಏಪ್ರಿಲ್ ಮಧ್ಯಾಹ್ನದ ಗಾಳಿ ಹಪ್ಪಳ ಒಣಗಿಸುವಂಥದ್ದು, ಜುಲೈ ಗಾಳಿ ಅದೇ ಹಪ್ಪಳವನ್ನು ಮೆತ್ತಗೆ ಮಾಡುವಂಥದ್ದು. ಮರದೊಳಗಿನ ತೇವಾಂಶ ಈ ಎರಡು ಋತುಗಳ ನಡುವೆ ಶೇ 7ರಿಂದ 12ಕ್ಕೆ ಏರಿತೆನ್ನಿ. 57 ಮಿ.ಮೀ. ಅಗಲದ ಒಂದು ಘನ ಮೇಪಲ್ ಹಲಗೆ ಸುಮಾರು ಒಂದು ಮಿ.ಮೀ. ಹಿಗ್ಗುತ್ತದೆ. ಮೂರು ಮೀಟರ್ ಅಗಲದ ಕೋಣೆಯಲ್ಲಿ ಅಂಥ ಹಲಗೆಗಳು ಐವತ್ತಕ್ಕೂ ಹೆಚ್ಚು. ತಡೆಯಿಲ್ಲದಿದ್ದರೆ ಎಲ್ಲ ಸೇರಿ ಐದು ಸೆಂಟಿಮೀಟರ್! ಗೋಡೆಗೆ ಒತ್ತಿ ಕೂತ ನೆಲ ಎಲ್ಲಿಗೆ ಹೋದೀತು? ಮೇಲಕ್ಕೇ ಉಬ್ಬುತ್ತದೆ. ಹಾಗೆ ಉಬ್ಬಿದ ನೆಲ ವಾಕರ್ ಹಿಡಿದವರಿಗೆ ಟೈಲಿಗಿಂತ ಅಪಾಯ.

ಘನ ಮರದ ಆಸೆ ಅಲ್ಲಿಗೆ ಮುಗಿಯಿತು. ಅಡ್ಡಪದರಗಳು ಹಿಡಿದಿಡುವುದರಿಂದ ಎಂಜಿನಿಯರ್ಡ್ ಹಲಗೆ ಇಷ್ಟು ಹೊಯ್ದಾಡುವುದಿಲ್ಲ. ಅದನ್ನೇ ಹಾಕಿಸೋಣ ಎಂದುಕೊಂಡಾಗ ನೆಲ ಹಾಸುವ ಮೇಸ್ತ್ರಿ ಎರಡು ಮಾತು ಹೇಳಿದ. ಹೊಳಪಿನ ಪಾಲಿಶ್ ಇದ್ದರೆ ಒದ್ದೆಯಾದ ಮರವೂ ಟೈಲಿನ ಹಾಗೆಯೇ ಜಾರುತ್ತದೆ. ಮ್ಯಾಟ್ ಫಿನಿಶ್ ತೆಗೆದುಕೊಳ್ಳಿ. ಮತ್ತೆ, ಬಕೆಟ್ ನೀರಿಟ್ಟುಕೊಂಡು ಈ ನೆಲ ಒರೆಸಬೇಡಿ. ಚೆನ್ನಾಗಿ ಹಿಂಡಿದ ಬಟ್ಟೆ ಸಾಕು.

ಆಗ ಮನೆಯವರಿಗೆ ಹೊಳೆದದ್ದು, ಅಮ್ಮನನ್ನು ಬೀಳಿಸಿದ್ದು ಟೈಲಲ್ಲ, ಅದರ ಮೇಲಿನ ನೀರು. ಆ ನೀರು ಹಾಕಿದ್ದು ಅಮ್ಮನೇ. ಮದುವೆಯಾಗಿ ಬಂದಂದಿನಿಂದ ಬೆಳಗ್ಗೆ ಐದೂವರೆಗೆ ಎದ್ದು ನೆಲ ಒರೆಸಿ, ದೇವರ ಮುಂದೆ ರಂಗೋಲಿ ಹಾಕದೆ ಅವರು ಚಹಾ ಮುಟ್ಟಿದ್ದಿಲ್ಲ. ಕೆಲಸದವಳು ಒರೆಸಿ ಹೋದ ಮೇಲೂ ಅವರದೊಂದು ಸುತ್ತು ಇದ್ದೇ ಇರುತ್ತಿತ್ತು. ಧಾರವಾಡದ ಮನೆಯಲ್ಲಿ ಅದು ನಡೆಯುತ್ತಿತ್ತು; ಅಲ್ಲಿದ್ದದ್ದು ಶಹಾಬಾದ್ ಫರಸಿ. ಕಲಬುರಗಿ ಜಿಲ್ಲೆಯ ಆ ಸುಣ್ಣಕಲ್ಲನ್ನು ಪಾಲಿಶ್ ಮಾಡದೆ ಹಾಸಿದರೆ ಒದ್ದೆಯಾದರೂ ಕಾಲಿಗೆ ಹಿಡಿತ ಕೊಡುತ್ತದೆ. ಪುಣೆಯ ಹಳೆಯ ವಾಡೆಗಳಲ್ಲೂ ಅದೇ ಕಲ್ಲು ಇತ್ತು. ಕಲ್ಲು ಹೋಗಿ ಗಾಜಿನಂಥ ಟೈಲು ಬಂದರೂ ಬಕೆಟ್ಟು ಬದಲಾಗಿರಲಿಲ್ಲ.

ಮೇಪಲ್ ಹಾಕಿಸಿದರೆ ಬಕೆಟ್ಟು ತಾನಾಗಿಯೇ ನಿಲ್ಲುತ್ತದೆ, ಜಗಳವೂ ಬೇಕಿಲ್ಲ ಎಂದು ಮಗನಿಗೆ ಒಳಗೊಳಗೇ ಸಮಾಧಾನವಾಯಿತು. ಅಮ್ಮನಿಗೆ ಅದು ಅರ್ಥವಾಗದೆ ಇರಲಿಲ್ಲ. ಸ್ಯಾಂಪಲ್ ಹಲಗೆಯನ್ನು ಕೈಯಲ್ಲಿ ಹಿಡಿದು ಸವರಿ ನೋಡಿದರು. “ಕಟಗಿ ಛಲೋ ಐತಿ. ಆದ್ರ ನೆಲಾ ಒರಸೂಹಂಗಿಲ್ಲ, ಅಡಗಿ ನೀವು ಮಾಡಗೊಡೂದಿಲ್ಲ. ಹಂಗಾದ್ರ ಈ ಮನ್ಯಾಗ ನಂದೇನು ಕೆಲಸ?” ಎಂದು ಕೇಳಿದರು.

ಅದಕ್ಕೆ ಯಾವ ಕ್ಯಾಟಲಾಗ್‌ನಲ್ಲೂ ಉತ್ತರವಿರಲಿಲ್ಲ. ಒಂದು ವಾರ ಮನೆಯಲ್ಲಿ ಯಾರೂ ನೆಲದ ಮಾತೆತ್ತಲಿಲ್ಲ. ಆಮೇಲೆ ಸೊಸೆ ಮನೆಯ ನಕ್ಷೆಯನ್ನು ಅತ್ತೆಯ ಮುಂದೆ ಹರಡಿ, ಎಲ್ಲೆಲ್ಲಿ ನೀರು ಬೇಕೇ ಬೇಕು ಎಂದು ನೀವೇ ಗುರುತು ಹಾಕಿ ಎಂದಳು. ಅವರು ಅಡುಗೆಮನೆಗೂ ಬಚ್ಚಲಿಗೂ ಹಾಕಲಿಲ್ಲ. ಹಾಕಿದ್ದು ದೇವರ ಕೋಣೆಗೆ ಮತ್ತು ಬಾಗಿಲ ಹೊಸ್ತಿಲಿಗೆ.

ಅದರಂತೆಯೇ ಆಯಿತು. ನಾಲ್ಕಡಿ ಚೌಕದ ದೇವರ ಕೋಣೆಗೂ ಹೊಸ್ತಿಲಿನ ಮುಂದಕ್ಕೂ ಪಾಲಿಶ್ ಇಲ್ಲದ ಶಹಾಬಾದ್ ಕಲ್ಲು. ಅಡುಗೆಮನೆ, ಬಚ್ಚಲಿಗೆ ಜಾರದ ಒರಟು ಟೈಲು. ಅಮ್ಮ ಮಲಗುವ ಕೋಣೆಗೆ ಮಾತ್ರ ಮ್ಯಾಟ್ ಫಿನಿಶ್‌ನ ಎಂಜಿನಿಯರ್ಡ್ ಮೇಪಲ್, ಹಿಗ್ಗಲು ಜಾಗವಿರಲಿ ಎಂದು ಗೋಡೆಗುಂಟ ಸ್ಕರ್ಟಿಂಗ್ ಅಡಿಯಲ್ಲಿ ಸುಮಾರು ಹನ್ನೆರಡು ಮಿ.ಮೀ. ಸಂದು ಬಿಟ್ಟು. ರಾತ್ರಿ ಎದ್ದಾಗ ಕಾಲಿಗೆ ತಣ್ಣಗಾಗದ ನೆಲ ಅಲ್ಲಿ ಬೇಕಿತ್ತು. ಬಣ್ಣ ಹಚ್ಚಿಸಲಿಲ್ಲ, ಮೇಪಲ್‌ನ ಸೂಕ್ಷ್ಮ ರಂಧ್ರಗಳು ಬಣ್ಣವನ್ನು ಒಂದೇ ಸಮ ಕುಡಿಯುವುದಿಲ್ಲ, ಕಲೆಕಲೆಯಾಗಿ ಕಾಣುತ್ತದೆ.

ಮೊದಲ ಮಳೆಗಾಲ ಕಳೆದಿದೆ, ನೆಲ ಎಲ್ಲೂ ಉಬ್ಬಿಲ್ಲ. ಬೇಸಿಗೆಯಲ್ಲಿ ಹಲಗೆಗಳ ನಡುವೆ ಕೂದಲೆಳೆಯ ಗೆರೆಗಳು ಕಂಡಾವು, ಮಳೆಗಾಲಕ್ಕೆ ಮುಚ್ಚಿಕೊಂಡಾವು. ಅಮ್ಮ ಬೆಳಗ್ಗೆ ಐದೂವರೆಗೆ ಏಳುವುದು ತಪ್ಪಿಲ್ಲ. ದೇವರ ಕೋಣೆಯಲ್ಲಿ ಮಣೆಯ ಮೇಲೆ ಕೂತು, ಕೈಗೆಟುಕುವಷ್ಟೇ ಕಲ್ಲನ್ನು ಒರೆಸಿ, ಒಣಗುವವರೆಗೆ ಅಲ್ಲೇ ಕೂತಿದ್ದು ರಂಗೋಲಿ ಹಾಕುತ್ತಾರೆ.