ಲ್ಯಾಬ್ ಡೈರಿ, ಭಾಗ 6: ಟೈಪ್ ಮಾಡಿದ್ದೇ ಬಂತು

ಫೋಟೋದಲ್ಲಿರೋ ಪ್ಲೇಟ್ ನೋಡಿ, ಎಲ್ಲಾ ಕಾಲೊನಿಗಳೂ ನೀಲಿ. ಸ್ಟೋರಿ ಹಾಕಿದಾಗ ‘ಎಷ್ಟ್ ಚೆಂದ’ ಅಂತ ಹಾರ್ಟ್ ಕಳಿಸಿದ್ರಿ. ನನಗೆ ಮಾತ್ರ ಅಳು ಬಂದಿತ್ತು. ಒಂದಾದ್ರೂ ಬಿಳಿ ಬರಬೇಕಿತ್ತು.

ಇದಕ್ಕೂ ಮುಂಚೆ ಚಿಕ್ಕಮ್ಮನ ಫೋನ್ ಬಂದಿತ್ತು. ‘ಏನೇ, ಕಾಲರಾ ಕ್ರಿಮಿ ಇಟ್ಕೊಂಡು ಕೆಲಸ ಮಾಡ್ತೀಯಂತೆ?’

ಕ್ರಿಮಿ ಇಲ್ಲ ಚಿಕ್ಕಮ್ಮ, ಅದರ ಕೆಲವು ಜೀನ್ ಮಾತ್ರ. ಅದೂ ಕ್ರಿಮಿಯಿಂದ ತೆಗೆದದ್ದಲ್ಲ. ಡೇಟಾಬೇಸ್‌ನಲ್ಲಿರೋ ಎ, ಟಿ, ಜಿ, ಸಿ ಅಕ್ಷರಗಳನ್ನ ಕಾಪಿ ಮಾಡಿ ಕಳಿಸಿದ್ರೆ, ಕಂಪನಿಯವರು ಆ ಡಿಎನ್‌ಎಯನ್ನ ಹೊಸದಾಗಿ ತಯಾರಿಸಿ, ಒಣಗಿಸಿ, ಪುಟ್ಟ ಟ್ಯೂಬಲ್ಲಿ ಕೊರಿಯರ್ ಮಾಡ್ತಾರೆ. ಸಿಂಥೆಟಿಕ್ ಜೀನ್ ಅಂದ್ರೆ ಇದೇ.

ನಾವು ತರಿಸಿದ್ದು ಕಾಲರಾ ಬ್ಯಾಕ್ಟೀರಿಯಾದ ಒಂದು ಟ್ರಾನ್ಸ್‌ಪೋಸಾನ್, ಅಂದ್ರೆ ಜಾಗ ಬದಲಿಸೋ ‘ಜಿಗಿಯೋ ಜೀನ್’. ಇದಕ್ಕೆ ಕ್ರಿಸ್ಪರ್ ದಾರಿ ತೋರಿಸತ್ತೆ. ಗೈಡ್ ಆರ್‌ಎನ್‌ಎ ಗುರುತಿಸಿದ ಜಾಗದಿಂದ ಸುಮಾರು 50 ಅಕ್ಷರ ಆಚೆ ಹೋಗಿ ಕೂತ್ಕೊಳ್ಳತ್ತೆ ಅಂತ 2019ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಯಾಮ್ ಸ್ಟರ್ನ್‌ಬರ್ಗ್ ತಂಡ ತೋರಿಸಿತು. ಕ್ಯಾಸ್9 ಡಿಎನ್‌ಎಯ ಎರಡೂ ಎಳೆ ಕತ್ತರಿಸಿ ‘ಇನ್ನು ನೀನೇ ಹೊಲ್ಕೋ’ ಅಂತ ಜೀವಕೋಶಕ್ಕೆ ಬಿಟ್ಟುಬಿಡತ್ತೆ. ಇದು ಹಾಗಲ್ಲ, ಹೊಸ ತುಂಡನ್ನ ತಾನೇ ತಂದು ಸೇರಿಸತ್ತೆ.

ನಾವು ಅದನ್ನ ಇ. ಕೋಲೈ ಬ್ಯಾಕ್ಟೀರಿಯಾದ ಲ್ಯಾಕ್‌ಜೆಡ್ ಜೀನ್‌ಗೆ ಕಳಿಸಿದ್ವಿ. ಒಳಗೆ ಕೂತ್ರೆ ಆ ಜೀನ್ ಕೆಟ್ಟು ಕಾಲೊನಿ ಬಿಳಿ ಆಗಬೇಕು. ಮೂರು ಸಲ ಮಾಡಿದೆ. ಮೂರು ಸಲವೂ ನೀಲಿ.

ತಪ್ಪು ನಂದೇ. ಟ್ರಾನ್ಸ್‌ಪೋಸಾನ್‌ನ ಎರಡು ತುದಿಗಳು ಒಂದಕ್ಕೊಂದು ಮುಖ ಮಾಡಿರಬೇಕು. ಅದನ್ನ ಸಾಗಿಸೋ ಪ್ರೋಟೀನ್ ಹಿಡಿಯೋದೇ ಆ ತುದಿಗಳನ್ನ. ನಾನು ಬಲತುದಿಯನ್ನ ತಿರುಗಿಸಿ ಪೇಸ್ಟ್ ಮಾಡಿದ್ದೆ. ಕಂಪನಿಯವರು ಒಂದಕ್ಷರ ಬಿಡದೆ ನನ್ನ ತಪ್ಪನ್ನೂ ತಯಾರಿಸಿ ಕೊಟ್ಟಿದ್ರು! ಆರು ವಾರ ಹೋಯ್ತು, ದುಡ್ಡೂ ಹೋಯ್ತು. (ಆ ವಾರ ನನ್ನ ಮುಖ ನೋಡಿದ ಹಾಸ್ಟೆಲ್ ಗೆಳತಿಯರಿಗೆ ಕ್ಷಮೆ.)

ಮೇಡಂ ಬೈಲಿಲ್ಲ. ‘ಆ ಟ್ಯೂಬ್ ಬಿಸಾಕಬೇಡ, ಕಂಟ್ರೋಲ್ ಆಗತ್ತೆ’ ಅಂದ್ರು. ಈಗ ನಾನು ಬೇಕಂತಲೇ ತಪ್ಪು ಟೈಪ್ ಮಾಡ್ತೀನಿ. ತುದಿಯ ಒಂದೊಂದೇ ಅಕ್ಷರ ಬದಲಿಸಿ ಆರ್ಡರ್ ಮಾಡಿ, ಯಾವುದು ಕೆಟ್ರೆ ಜಿಗಿತ ನಿಲ್ಲತ್ತೆ ಅಂತ ನೋಡೋದೇ ನನ್ನ ಪ್ರಾಜೆಕ್ಟ್.

ಸರಿಯಾದ ಟ್ಯೂಬ್ ಬಂದ ಮೇಲೆ ಬಿಳಿ ಕಾಲೊನಿ ಬಂತು, ಪಿಸಿಆರ್‌ನಲ್ಲಿ ಬ್ಯಾಂಡೂ ಬಂತು. ಖುಷಿಗೆ ಚಿಕ್ಕಮ್ಮಂಗೆ ಫೋನ್ ಮಾಡಿದೆ. ಅವರ ಮಗನಿಗೆ ತಲಸ್ಸೇಮಿಯಾ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ರು: ‘ಇದ್ರಿಂದ ನಮ್ಮ ಹುಡುಗಂಗೆ ಏನಾದ್ರೂ ಆಗತ್ತಾ?’

ತಲಸ್ಸೇಮಿಯಾ ತರೋ ದೋಷಗಳು ನೂರಾರು ಬಗೆ. ಒಂದೊಂದನ್ನೂ ತಿದ್ದೋ ಬದಲು ಇಡೀ ಒಳ್ಳೆ ಜೀನನ್ನೇ ಸೇರಿಸೋ ಆಸೆ ಇದರಲ್ಲಿದೆ. ಆದ್ರೆ ಮನುಷ್ಯರ ಜೀವಕೋಶದಲ್ಲಿ ಈ ವ್ಯವಸ್ಥೆ ಮೊದಮೊದಲು ಬಹಳ ಕುಂಟಿತ್ತು. ಇಂಥದ್ದೇ ಇನ್ನೊಂದನ್ನ ಲ್ಯಾಬಲ್ಲಿ ವಿಕಾಸ ಮಾಡಿಸಿ ನೂರಾರು ಪಟ್ಟು ಚುರುಕು ಮಾಡಿದ್ದು 2025ರಲ್ಲಿ. ಅದೂ ಲ್ಯಾಬಿನ ಜೀವಕೋಶಗಳಲ್ಲಿ.

‘ಈಗಲ್ಲ ಚಿಕ್ಕಮ್ಮ. ಯಾವಾಗ ಅಂತಾನೂ ಹೇಳಕ್ಕಾಗಲ್ಲ’ ಅಂದೆ.

‘ಸರಿ ಬಿಡು. ಶನಿವಾರ ಅವನಿಗೆ ರಕ್ತ ಹಾಕಿಸಬೇಕು. ಬಿಡುವಿದ್ರೆ ಬಾ, ನೀನಿದ್ರೆ ಅವನು ಅಳಲ್ಲ.’