ಓದಿ ಹೇಳದ ಪತ್ರ

ಹೆಣ್ಣುಮಕ್ಕಳು ಪರದೇಶಕ್ಕೆ ಹೋಗಿ ವ್ಯಾಸಂಗ ಮಾಡುವುದರಿಂದ ನಮ್ಮ ಮನೆಗಳಿಗೆ ಬರುವ ಲಾಭವೇನು ಎಂದು ಹಿರಿಯರನೇಕರು ಕೇಳುವುದುಂಟು. ಒಂದು ಕಾಲದಲ್ಲಿ ನಾನೂ ಹಾಗೆ ಕೇಳಿದವನೇ.

ಪಾಠಶಾಲೆಯಲ್ಲಿ ನಾನು ಯಾಜ್ಞವಲ್ಕ್ಯಸ್ಮೃತಿಯನ್ನು ಮಿತಾಕ್ಷರಾ ವ್ಯಾಖ್ಯಾನದೊಡನೆ ಓದಿದೆನು. ಅದನ್ನು ರಚಿಸಿದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದ ಚಾಲುಕ್ಯರ ಆಶ್ರಯದಲ್ಲಿದ್ದವನು. ದಾಯವಾಗಿ ಬಂದುದು, ಕ್ರಯಕ್ಕೆ ಕೊಂಡುದು, ವಿಭಾಗದಲ್ಲಿ ದೊರೆತುದು, ಇವೆಲ್ಲವೂ ಸ್ತ್ರೀಧನವೇ ಎಂದು ಆತನು ಉದಾರವಾಗಿ ವ್ಯಾಖ್ಯಾನಿಸಿದ್ದಾನೆ. ಇದನ್ನು ನಾನು ಶಿಷ್ಯರಿಗೆ ಪಾಠ ಹೇಳಿದ್ದೂ ಉಂಟು. ಹಾಗಿದ್ದೂ ತಂದೆಯವರು ಕಾಲವಾದ ಮೇಲೆ, ಅವರ ಸ್ವತ್ತಿನಲ್ಲಿ ಮಗಳಿಗೂ ಪಾಲುಂಟೆಂದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯು ವಿಧಿಸಿದ್ದರೂ, ವಿಧವೆಯಾದ ತಂಗಿಯಿಂದ ಹಕ್ಕುಬಿಡುಗಡೆಯ ಪತ್ರಕ್ಕೆ ರುಜು ಹಾಕಿಸಿಕೊಂಡೆನು. ಅವಳಿಗೆ ಕೊಟ್ಟುದು ಒಂದು ಸೀರೆ ಮತ್ತು ಬಸ್ಸಿನ ಖರ್ಚು.

ಇಂಗ್ಲೆಂಡಿನಲ್ಲಿ ನ್ಯಾಯಶಾಸ್ತ್ರ ಓದುತ್ತಿದ್ದ ನನ್ನ ಮಗಳು ರಜೆಗೆ ಬಂದಾಗ ಕಾರ್ನೀಲಿಯಾ ಸೊರಾಬ್ಜಿಯವರ ವೃತ್ತಾಂತವನ್ನು ಹೇಳಿದಳು. ಆಕೆ 1892ರಲ್ಲಿ ಆಕ್ಸ್‌ಫರ್ಡಿನಲ್ಲಿ ನ್ಯಾಯಶಾಸ್ತ್ರದ ಉನ್ನತ ಪರೀಕ್ಷೆಗೆ ಕುಳಿತ ಮೊದಲ ಮಹಿಳೆ. ಸ್ತ್ರೀಯೆಂಬ ಕಾರಣದಿಂದ ಪದವಿಯು ಕೈಸೇರಿದುದು 1922ರಲ್ಲಿ! ಆದುದರಿಂದ ನ್ಯಾಯವೆಂಬುದು ಕಡಲಾಚೆಯಿಂದ ತರುವ ಸರಕೆಂದು ಭಾವಿಸಬೇಕಾಗಿಲ್ಲ. ಅಲ್ಲಿಯೂ ಬಾಗಿಲು ಮೂವತ್ತು ವರ್ಷ ಮುಚ್ಚಿಯೇ ಇತ್ತು. ಇಲ್ಲಿ ಸ್ತ್ರೀಯರು ವಕೀಲಿ ಮಾಡಲು ಇದ್ದ ಅಡ್ಡಿಯು 1923ರ ಕಾಯಿದೆಯಿಂದ ನೀಗಿತು. ಅದಕ್ಕೆ ಮುಂಚೆಯೇ, 1904ರಿಂದ, ಆಕೆ ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್‌ನಲ್ಲಿ ಪರದೆಯ ಹಿಂದಿನ ಹೆಂಗಸರಿಗೆ ಸಲಹೆಗಾರ್ತಿಯಾಗಿದ್ದರು. ಪರಪುರುಷರಾದ ವಕೀಲರೆದುರಿಗೆ ಬಾರದ ಆ ಹೆಂಗಸರಿಗೆ ತಮ್ಮ ಆಸ್ತಿಯ ವಿಚಾರವನ್ನು ಬಿಚ್ಚಿ ಹೇಳಿಕೊಳ್ಳಲು ಅಂತಹವರೊಬ್ಬರು ಬೇಕಾಗಿದ್ದರು.

ಇಷ್ಟು ಹೇಳಿ ಮಗಳು ಕೇಳಿದಳು: “ಅಪ್ಪಾ, ಅತ್ತೆ ರುಜು ಮಾಡಿದ ಪತ್ರವನ್ನು ಅವರಿಗೆ ಓದಿ ಹೇಳಿದವರು ಯಾರು?”

ಯಾರೂ ಹೇಳಿರಲಿಲ್ಲ. ನಾನೇ ಹೇಳಬೇಕಾಗಿತ್ತು.

ಇಲ್ಲಿಯೇ ಓದಿದ್ದರೆ ಅವಳು ಈ ಪ್ರಶ್ನೆಯನ್ನು ಕೇಳುತ್ತಿರಲಿಲ್ಲವೆ? ಕೇಳುತ್ತಿದ್ದಳೋ ಏನೋ. ಆದರೆ ಮನೆಯನ್ನು ಕೆಲವು ಕಾಲ ದೂರದಿಂದ ನೋಡಿದವರಿಗೆ, ನಾವು ರೂಢಿಯೆಂದು ಕರೆಯುವುದರೊಳಗಿನ ಅನ್ಯಾಯವು ಬೇಗನೆ ಗೋಚರಿಸುತ್ತದೆ. ಮಿತಾಕ್ಷರೆಯ ಪಂಕ್ತಿಗಳು ನನಗೆ ಕಂಠಸ್ಥವಾಗಿದ್ದುವು. ತಂಗಿಯ ಮುಖಕ್ಕೂ ಅವಕ್ಕೂ ಸಂಬಂಧವುಂಟೆಂದು ಮಾತ್ರ ತೋರಿರಲಿಲ್ಲ.

ಕಳೆದ ವರ್ಷ ಅಡಕೆತೋಟದ ಅರ್ಧವನ್ನು ತಂಗಿಯ ಹೆಸರಿಗೆ ದಾನಪತ್ರ ಮಾಡಿ ನೋಂದಾಯಿಸಿದೆನು. ಅದಕ್ಕೆ ಮುಂಚೆ ಪ್ರತಿಯೊಂದು ಸಾಲನ್ನೂ ಅವಳಿಗೆ ಓದಿ ಹೇಳಿದೆನು. ಕೇಳಿ ಮುಗಿಸಿ ಅವಳು ಅಂದಳು: “ಅಣ್ಣಾ, ಆ ದಿನ ಹೀಗೆಯೇ ಓದಿ ಹೇಳಿದ್ದರೂ ನಾನು ರುಜು ಮಾಡುತ್ತಿದ್ದೆನೋ ಏನೋ. ಆದರೆ ತಿಳಿದು ಮಾಡುತ್ತಿದ್ದೆ.”